ನೆಟ್ ಇದ್ದಲ್ಲಿ ನಿಂತವಳು

ಕಳೆದ ವಾರ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಬಂಡಿಯ ಮುಂದೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತ ನಿಂತಿದ್ದೆ. ಇದ್ದಕ್ಕಿದ್ದಂತೆ ನನ್ನ ಫೋನು ಕಿರುಚಿತು. ನನ್ನದೊಂದೇ ಅಲ್ಲ, ಪಕ್ಕದಲ್ಲಿ ನಿಂತವರದು, ಬಂಡಿಯವನದು, ರಸ್ತೆಯಾಚೆ ಆಟೋದಲ್ಲಿ ಕೂತವರದು, ಎಲ್ಲವೂ ಒಟ್ಟಿಗೆ ಒಂದೇ ದನಿಯಲ್ಲಿ ಕಿರುಚಿಕೊಂಡವು. ವಿಪತ್ತು ಬಂದಾಗ ಜನರನ್ನು ಎಚ್ಚರಿಸುವ ವ್ಯವಸ್ಥೆಯ ಪರೀಕ್ಷೆಯಂತೆ, ಯಾರೂ ಗಾಬರಿಯಾಗಬಾರದಂತೆ. ಬಂಡಿಯವನು ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಫೋನು ನೋಡಿ, "ಗಾಬರಿ ಮಾಡೋರೂ ಅವರ, ಗಾಬರಿ ಆಗಬ್ಯಾಡ್ರಿ ಅನ್ನೋರೂ ಅವರ" ಎಂದ. ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ಮಿರ್ಚಿ ನೆಲಕ್ಕೆ ಬಿದ್ದಿತ್ತು.

"ಪಾಪ, ಅಕ್ಕಾರು ಅಂಜ್ಯಾರ. ಇನ್ನೊಂದು ತಗೋರಿ" ಎಂದು ಅವನೇ ಬಿಸಿಯದೊಂದು ಎತ್ತಿ ಹಾಕಿದ. ನಾನೂ ನಕ್ಕೆ. ಹೆದರಿದ್ದು ನಿಜ, ಆದರೆ ಆ ಕಿರುಚಾಟಕ್ಕಲ್ಲ. ಅದು ನಿಂತ ಮೇಲೆ ಒಂದು ಗಳಿಗೆ ಸುತ್ತಲಿನ ಫೋನುಗಳೆಲ್ಲ ಒಮ್ಮೆಲೇ ಸುಮ್ಮನಾದವಲ್ಲ, ಆ ಗಳಿಗೆಗೆ. ಫೋನುಗಳು ಸುಮ್ಮನಾದರೆ ಏನಾಗುತ್ತದೆ ಎನ್ನುವುದನ್ನು ನಾನು ಒಂದು ಮಳೆಗಾಲ ಪೂರ್ತಿ ಕೂತು ನೋಡಿದವಳು.

ಆ ವರ್ಷ ನನಗೆ ಮಾನ್ವಿಯ ಕಚೇರಿಯಿಂದ ರಾಯಚೂರಿಗೆ ವರ್ಗವಾಗಿತ್ತು. ನಮ್ಮೂರು ಕುರ್ಡಿ. ಅಪ್ಪ ಅವ್ವ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವರು. ನಮ್ಮ ಓಣಿಯಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣುಮಗಳು ನಾನೇ. ಆದರೆ ಕುರ್ಚಿ ಬಂದ ಮಾತ್ರಕ್ಕೆ ಧೈರ್ಯ ಬರುತ್ತದೆಯೇ? ನಾನು ಹುಟ್ಟಾ ಪುಕ್ಕಲಿ. ಚಿಕ್ಕಂದಿನಲ್ಲಿ ಗುಡುಗಿದರೆ ಅವ್ವನ ಸೆರಗಿನೊಳಗೆ, ನಾಯಿ ಬೊಗಳಿದರೆ ಅಪ್ಪನ ಹೆಗಲ ಮೇಲೆ. ದೊಡ್ಡವಳಾದ ಮೇಲೂ ಹೊಳೆಯ ಸೇತುವೆ ಬಂತೆಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಂಥವಳನ್ನು ತಂದು ಪ್ರವಾಹದ ಕಂಟ್ರೋಲ್ ರೂಮಿಗೆ ಹಾಕಿದರು. ಹೆದರಿದವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ಹಾಗೆ.

ಕಂಟ್ರೋಲ್ ರೂಮ್ ಅಂದರೆ ಸಿನಿಮಾದಲ್ಲಿ ತೋರಿಸುವಂಥದ್ದೇನಲ್ಲ. ಒಂದು ಉದ್ದನೆಯ ಮೇಜು, ನಾಲ್ಕಾರು ಫೋನು, ತಲೆಯ ಮೇಲೆ ಕಿರ್ ಕಿರ್ ಎನ್ನುವ ಫ್ಯಾನು, ಗೋಡೆಗೆ ಜಿಲ್ಲೆಯ ನಕ್ಷೆ. ನಕ್ಷೆಯ ಮೇಲ್ಗಡೆ ಕೃಷ್ಣೆ, ಕೆಳಗಡೆ ತುಂಗಭದ್ರೆ, ನಡುವೆ ನಾವು. ಒಬ್ಬರು ನೀರಿನ ಮಟ್ಟ ನೋಡಿಕೊಳ್ಳುತ್ತಿದ್ದರು, ಇನ್ನೊಬ್ಬರು ದೋಣಿ, ಮತ್ತೊಬ್ಬರು ಗಂಜಿ ಕೇಂದ್ರ. ನನ್ನ ಪಾಲಿಗೆ ಬಂದದ್ದು ಫೋನುಗಳ ಯೋಗಕ್ಷೇಮ. ಯಾವ ಊರಿನ ಟವರ್ ನಡೆಯುತ್ತಿದೆ, ಯಾವುದು ನಿಂತಿದೆ, ಎಲ್ಲಿಂದ ಮಾತು ಬರುತ್ತದೆ, ಎಲ್ಲಿಂದ ಬರುವುದಿಲ್ಲ ಎಂದು ದಿನಕ್ಕೆ ಮೂರು ಹೊತ್ತು ಮೇಲಿನವರಿಗೆ ವರದಿ ಕಳಿಸಬೇಕು. ಪ್ರತಿ ಊರಿನ ಹೆಸರಿನ ಮುಂದೆ ಒಂದೇ ಮಾತು: ಚಾಲೂ, ಇಲ್ಲವೇ ಬಂದ್.

ಇದೇನು ಮಹಾ ಕೆಲಸ ಎಂದು ನನಗೆ ಅನ್ನಿಸಿತ್ತು. ನಮಗೆಲ್ಲ ಹಿರಿಯರಾದ ಖಾದರ್ ಸಾಹೇಬರು, ನಿವೃತ್ತಿಯ ಅಂಚಿಗೆ ಬಂದಿದ್ದ ಶಿರಸ್ತೇದಾರರು, ನನ್ನ ಮುಖ ನೋಡಿಯೇ ಅದನ್ನು ತಿಳಿದುಕೊಂಡರು.

"ನೋಡು ಬೇಟಿ, ನೀರು ಬಂತಂದ್ರ ದೋಣಿ ಕಳಸಬಹುದು. ಹಸದಾರಂದ್ರ ಅನ್ನ ಕಳಸಬಹುದು. ಆದ್ರ ಎಲ್ಲಿಗೆ ಕಳಸಬೇಕಂತ ಖಬರ್ ಬರಬೇಕಲ್ಲ? ಆ ಖಬರ್ ಬರೋ ದಾರಿ ನಿನ್ನ ಕೈಯಾಗ ಅದ. ಒದರೋ ಊರಿಗೆ ಎಲ್ಲಾರೂ ಓಡ್ತಾರ. ಸುಮ್ಮನ ಇದ್ದ ಊರು ಯಾವುದು ಅಂತ ನೀ ಹೇಳಬೇಕು."

ಆ ಮಾತು ಕೇಳಿದಂದಿನಿಂದ ನನಗೆ ಊಟ ಸರಿಯಾಗಿ ಇಳಿಯಲಿಲ್ಲ.

ಟವರಿನ ಕಂಪನಿಯವರು ತಮ್ಮ ಲೆಕ್ಕ ಕಳಿಸುತ್ತಿದ್ದರು. ಅದನ್ನೊಂದೇ ನಂಬಿ ಕೂರುವಂತಿರಲಿಲ್ಲ. ಅದಕ್ಕೆ ಊರೂರಿಗೆ ಒಬ್ಬೊಬ್ಬರನ್ನು ಗೊತ್ತುಮಾಡಿಕೊಂಡು, ಮುಂಜಾನೆ, ಮಧ್ಯಾಹ್ನ, ಸಂಜೆ ಫೋನು ಹಚ್ಚಿ ಕೇಳುತ್ತಿದ್ದೆವು. ಫೋನು ಹಚ್ಚಿ, ಫೋನು ಬರುತ್ತದೆಯೇ ಎಂದು ಕೇಳುವುದು! "ಮಲಗಿದವನ್ನ ಎಬ್ಬಿಸಿ ನಿದ್ದಿ ಬಂತೇನಪ್ಪಾ ಅಂತ ಕೇಳಿದಂಗ" ಎಂದು ಖಾದರ್ ಸಾಹೇಬರು ಛೇಡಿಸುತ್ತಿದ್ದರು.

ಅದರಲ್ಲೂ ಇನ್ನೊಂದು ತೊಡಕಿತ್ತು. ನಮ್ಮ ಕಡೆ 'ಅದ' ಎನ್ನುವ ಒಂದು ಮಾತು ಎಲ್ಲ ಕೆಲಸಕ್ಕೂ ಬರುತ್ತದೆ. ಮನೆಯಲ್ಲಿ ಜೋಳ ಇದ್ದರೂ ಅದ, ಮೈಯಲ್ಲಿ ಹುಷಾರಿದ್ದರೂ ಆರಾಮ ಅದ, ಎದುರಿಗೆ ಗುಡ್ಡ ನಿಂತಿದ್ದರೂ ಅದ. ಮೊದಮೊದಲು ನಾನು "ಟವರ್ ಅದ ಏನ್ರಿ?" ಎಂದು ಕೇಳುತ್ತಿದ್ದೆ. ಮಾನ್ವಿ ಕಡೆಯ ಹಿರಿಯರೊಬ್ಬರು ಎಷ್ಟು ಸಲ ಕೇಳಿದರೂ "ಅದರೀ, ಅದ" ಎಂದೇ ಅನ್ನುತ್ತಿದ್ದರು. ಆ ಊರಿನ ಉಳಿದ ಯಾರ ಫೋನೂ ಸಿಗುತ್ತಿರಲಿಲ್ಲ. ಅನುಮಾನ ಬಂದು ಬಿಡಿಸಿ ಕೇಳಿದರೆ, ಅವರು ಮಗಳ ಮನೆಗೆಂದು ಮಾನ್ವಿಗೆ ಬಂದು ಕೂತಿದ್ದಾರೆ. "ಊರಾಗ ಟವರ್ ನಡದದ ಅಂದ್ರಲ್ಲ ಯಜಮಾನ್ರ?" ಎಂದರೆ, "ನಡದದ ಅಂತ ಯಾವಾಗ ಅಂದೆ ಯವ್ವಾ? ಅದ ಅಂದೆ. ಅಷ್ಟು ದೊಡ್ಡ ಕಬ್ಬಿಣದ್ದು, ಎಲ್ಲಿಗೆ ಹೋಗ್ತದ?" ಎಂದರು.

ಖಾದರ್ ಸಾಹೇಬರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಅವತ್ತಿನಿಂದ ನಾನು ಪ್ರಶ್ನೆ ಬದಲಿಸಿದೆ. "ನೆಟ್ ಅದ ಏನು?" ಎಂದು ಕೇಳತೊಡಗಿದೆ. ನೆಟ್ ಎಂದರೆ ನಮ್ಮ ಕಡೆ ಫೋನಿನ ಸಿಗ್ನಲ್. ಇದಕ್ಕೆ ಅಡ್ಡ ಅರ್ಥವೇ ಇಲ್ಲ ಎಂದು ನನ್ನ ನಂಬಿಕೆ.

ನಮ್ಮ ಪ್ರವಾಹದ ರೀತಿಯೇ ಬೇರೆ. ಬೇರೆ ಕಡೆ ಮೋಡ ಕಟ್ಟುತ್ತದೆ, ಮಳೆ ಹೊಡೆಯುತ್ತದೆ, ಆಮೇಲೆ ನೀರು ಬರುತ್ತದೆ. ಹೆದರುವವರಿಗೆ ಹೆದರಲು ಸಮಯವಾದರೂ ಸಿಗುತ್ತದೆ. ಇಲ್ಲಿ ಹಾಗಲ್ಲ. ಮಳೆ ಬಿದ್ದದ್ದು ಎಲ್ಲೋ ಮಹಾರಾಷ್ಟ್ರದಲ್ಲಿ. ರಾಯಚೂರಿನಲ್ಲಿ ಸುಡು ಬಿಸಿಲು, ರಸ್ತೆಯ ಮೇಲೆ ಧೂಳು, ಕೂತಲ್ಲೇ ಬೆವರು. ಮಾನ್ವಿ ಕಡೆ ರೈತರು ಸಸಿ ಹಚ್ಚಿ ಮುಗಿಲು ನೋಡುತ್ತಿದ್ದರೆ, ದೇವದುರ್ಗದ ಕಡೆ ಹೊಳೆ ಹೊಲಕ್ಕೆ ನುಗ್ಗುತ್ತಿತ್ತು. ಮೇಲೆ ನೀಲಿ ಆಕಾಶ, ಕೆಳಗೆ ಕೆಂಪು ನೀರು. ಒಂದು ಹನಿ ಮಳೆಯಿಲ್ಲದೆ ಊರು ಮುಳುಗುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕುರ್ಡಿಯಿಂದ ಅವ್ವ ದಿನಾ ಫೋನು ಮಾಡುತ್ತಿದ್ದಳು.

"ಹೊಳಿ ಬಂದದಂತಲ್ಲ, ನೀ ಹುಷಾರು ನನ್ನವ್ವಾ."

"ಅವ್ವಾ, ನಾ ಮಾಳಿಗಿ ಮ್ಯಾಲಿನ ಆಫೀಸಿನಾಗ ಅದೀನಿ. ಹೊಳಿ ಇಲ್ಲಿಗೆ ಬರಂಗಿಲ್ಲ."

"ಬರಲಿಲ್ಲಂದ್ರೂ ನೀ ಅಂಜಿ ಸಾಯ್ತಿ. ನನಗ ಗೊತ್ತಿಲ್ಲೇನು?"

ನಾನು ಫೋನು ಇಟ್ಟು ಮುಂದಿನ ಊರಿಗೆ ಹಚ್ಚುತ್ತಿದ್ದೆ.

ಗೂಗಲ್ಲಿನ ಹುಲಿಗೆಮ್ಮ ನನಗೆ ಸಿಕ್ಕಿದ್ದು ಆ ದಿನಗಳಲ್ಲೇ. ಗೂಗಲ್ ಎಂದರೆ ದೇವದುರ್ಗ ತಾಲೂಕಿನ ಹೊಳೆದಂಡೆಯ ಊರು, ಅಲ್ಲಮಪ್ರಭುವಿನ ಗುಡಿಯ ಊರು. ಹುಲಿಗೆಮ್ಮ ಅಲ್ಲಿನ ಆಶಾ ಕಾರ್ಯಕರ್ತೆ, ಬಸುರಿ ಬಾಣಂತಿಯರ ಮನೆ ಮನೆ ತಿರುಗಿ ವಿಚಾರಿಸುವವಳು. ಮೊದಲ ಸಲ ಫೋನಿನಲ್ಲಿ "ನೆಟ್ ಅದ ಏನು?" ಎಂದು ಕೇಳಿದಾಗ ಕಿಸಕ್ಕನೆ ನಕ್ಕಳು.

"ಗೂಗಲ್ ಅನ್ನೋ ಊರಾಗ ನೆಟ್ ಇಲ್ಲಂದ್ರ ಮಂದಿ ನಗತಾರ್ರಿ ಮೇಡಂ. ಅದ ಅಂತ ಬರಕೋರಿ."

ಎರಡು ದಿನಕ್ಕೇ ನಾನು ಮೇಡಂ ಹೋಗಿ ಅಕ್ಕಾರು ಆದೆ. ಮುಖ ನೋಡಿಲ್ಲ, ವಯಸ್ಸು ಗೊತ್ತಿಲ್ಲ, ಬರೀ ದನಿ. ಆದರೂ ಊರುಗಳ ಆ ದೊಡ್ಡ ಸಾಲಿನಲ್ಲಿ ಅವಳ ಸರದಿ ಬಂದರೆ ನನಗೆ ಸ್ವಲ್ಪ ಉಸಿರು. ಬೇರೆಯವರು "ಅದ" ಎಂದು ಇಟ್ಟುಬಿಡುತ್ತಿದ್ದರು. ಇವಳು ಹೊಳೆ ಎಲ್ಲಿಗೆ ಬಂದಿದೆ, ಯಾರ ಹತ್ತಿಹೊಲ ಹೋಯಿತು, ಯಾವ ಬಸುರಿಯನ್ನು ಮೊದಲೇ ದೇವದುರ್ಗಕ್ಕೆ ಸಾಗಿಸಿದಳು ಎಲ್ಲ ಹೇಳಿ, ಕೊನೆಗೆ "ಊಟ ಆತೇನ್ರಿ?" ಎಂದು ಕೇಳುತ್ತಿದ್ದಳು. ಆ ಕಂಟ್ರೋಲ್ ರೂಮಿನಲ್ಲಿ ನನಗೆ ಊಟ ಆಯಿತೇ ಎಂದು ಕೇಳಿದ್ದು ಅವಳೊಬ್ಬಳೇ.

ಹೊಳೆ ಏರಿತು. ಒಂದು ಮುಂಜಾನೆ ಅವಳ ನಂಬರ್ ಹಚ್ಚಿದರೆ, ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಆ ದಂಡೆಯ ಕರೆಂಟಿನ ಕಂಬಗಳು ನೀರಿಗೆ ಬಿದ್ದಿವೆ ಎಂಬ ಸುದ್ದಿ ಆಗಲೇ ಬಂದಿತ್ತು. ಕರೆಂಟ್ ಹೋದರೆ ಟವರ್ ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ನಡೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕಬೇಕು. ನಾನು ಗೂಗಲ್ ಮುಂದೆ ಬಂದ್ ಎಂದು ಬರೆದೆ. ಕಂಪನಿಯವರೂ ಬಂದ್ ಎಂದರು, ಡೀಸೆಲ್ ಗಾಡಿ ಕಳಿಸುತ್ತೇವೆ ಎಂದರು.

ಮಧ್ಯಾಹ್ನ ಹುಲಿಗೆಮ್ಮನ ಮಿಸ್ ಕಾಲ್ ಬಂತು. ನಾನು ತಿರುಗಿ ಹಚ್ಚಿದೆ. ಸಂತೋಷಕ್ಕೆ ನಮಸ್ಕಾರವನ್ನೂ ಹೇಳದೆ "ನೆಟ್ ಅದ ಏನು?" ಎಂದೆ.

"ಅದರೀ ಅಕ್ಕಾರ. ಜೋರದಾಗ ಅದ. ಫೋನಿನಾಗ ಚಾರ್ಜ್ ಕಮ್ಮಿ ಅದ, ಅದಕ್ಕ ಬಂದ್ ಮಾಡಿ ಇಡತೀನಿ. ನಿಮ್ಮ ಹೊತ್ತಿಗೆ ಚಾಲೂ ಮಾಡಿ ಒಂದು ಮಿಸ್ ಕಾಲ್ ಕೊಡತೀನಿ, ನೀವು ಹಚ್ರಿ. ನೀವು ಹಚ್ಚೋ ತನಕ ಕಾಯ್ತೀನಿ."

ಒಳ್ಳೆಯ ಉಪಾಯ ಎಂದುಕೊಂಡೆ. ಮಿಸ್ ಕಾಲ್ ಕೊಟ್ಟು ಸುದ್ದಿ ಮುಟ್ಟಿಸುವುದು ನಮ್ಮ ಮಂದಿಗೆ ಹೊಸದಲ್ಲ. ಬಸ್ಸು ಇಳಿದೆ ಎನ್ನುವುದಕ್ಕೂ ಮಿಸ್ ಕಾಲ್, ಬುತ್ತಿ ತಂದಿದ್ದೇನೆ ಹೊರಗೆ ಬಾ ಎನ್ನುವುದಕ್ಕೂ ಮಿಸ್ ಕಾಲ್. ಗೂಗಲ್ ಮುಂದಿನ ಬಂದ್ ಹೊಡೆದು ಚಾಲೂ ಎಂದು ಬರೆದೆ. ಕಂಪನಿಯವರು ನಮ್ಮ ವರದಿ ನೋಡಿ ತಾವೂ ಚಾಲೂ ಎಂದು ತಿದ್ದಿಕೊಂಡರು, ಡೀಸೆಲ್ ಗಾಡಿ ಬೇರೆ ಊರಿಗೆ ತಿರುಗಿತು. ಮರುದಿನ ಅವರದೂ ನಮ್ಮದೂ ತಾಳೆಯಾದದ್ದು ನೋಡಿ ನಾವು ಖುಷಿಪಟ್ಟೆವು. ಅವರು ನಮ್ಮನ್ನು ನೋಡಿ ಬರೆದಿದ್ದರು, ನಾವು ಅವರನ್ನು ನೋಡಿ ನಂಬಿದೆವು.

ಮುಂದಿನ ದಿನಗಳಲ್ಲಿ ಹೊತ್ತು ಹೊತ್ತಿಗೆ ಮಿಸ್ ಕಾಲ್ ಬಂತು. ನಾನು ಹಚ್ಚುತ್ತಿದ್ದೆ, ಅವಳು ಅದರೀ ಅನ್ನುತ್ತಿದ್ದಳು. ಅವಳ ಮಾತಿನ ಹಿಂದೆ ಒಂದು ಸಪ್ಪಳ ಮಾತ್ರ ದಿನದಿಂದ ದಿನಕ್ಕೆ ಜೋರಾಗುತ್ತಿತ್ತು. ಹಿಟ್ಟಿನ ಗಿರಣಿಯ ಮುಂದೆ ನಿಂತಿದ್ದಾಳೆ ಎಂದು ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಅವಳ ಮಾತೇ ಕೇಳಿಸದಷ್ಟು ಆಯಿತು.

"ಗಿರಣಿ ಮುಂದಿಂದ ಈಚೆ ಬಾರವ್ವಾ, ಏನೂ ಕೇಳಸವಲ್ದು" ಎಂದೆ.

"ಕರೆಂಟೇ ಇಲ್ಲ, ಗಿರಣಿ ಹೆಂಗ ನಡೀಬೇಕ್ರಿ? ಹೊಳಿ ಸಪ್ಪಳ್ರಿ ಅದು."

"ಕರೆಂಟ್ ಇನ್ನೂ ಬಂದಿಲ್ಲಾ? ಮತ್ತ ಟವರ್ ಹೆಂಗ ನಡದದ?"

"ನಮ್ಮೂರ ಟವರ್ ಎಲ್ಲಿ ನಡದದ್ರಿ? ಅದು ಅವತ್ತ ಹೋಗ್ಯಾದ."

"ನೆಟ್ ಅದ ಅಂತ ದಿನಾ ಹೇಳತಿದ್ಯಲ್ಲ!"

"ಅದಲ್ರಿ ಮತ್ತ. ಇಲ್ಲಿ ಅದ. ಊರಾಗ ಸಿಗ್ನಲ್ಲಿನ ಒಂದು ಕಡ್ಡಿನೂ ಬರಂಗಿಲ್ಲ. ಗುಡಿ ಹಿಂದ ಅರಬಿ ಒಗಿಯೋ ಕಲ್ಲ ಮ್ಯಾಲ ನಿಂತ್ರ ಆಚಿ ದಂಡಿ ಟವರ್ ಹಿಡೀತದ, ಎರಡು ಕಡ್ಡಿ ಬರ್ತಾವ. ನೀವು ಕೇಳ್ತೀರಲ್ಲ, ಅದಕ್ಕ ನೆಟ್ ಇದ್ದಲ್ಲಿ ಬಂದು ನಿಂದರತೀನ್ರಿ."

ಆಚೆ ದಂಡೆ ಎಂದರೆ ಯಾದಗಿರಿ ಜಿಲ್ಲೆ. ಆ ಟವರ್ ನಮ್ಮ ಲೆಕ್ಕದಲ್ಲೇ ಇಲ್ಲ. ಊರಿಗೆ ಊರೇ ಮಾತು ಕಳೆದುಕೊಂಡು ಕೂತಿದೆ, ಒಬ್ಬ ಹೆಂಗಸು ದಿನಕ್ಕೆ ಮೂರು ಸಲ ಹೊಳೆಗೆ ಇಳಿದು, ನನ್ನ ಪ್ರಶ್ನೆಗೆ ಉತ್ತರ ಕೊಟ್ಟು ಹೋಗುತ್ತಿದ್ದಾಳೆ.

"ಕಲ್ಲಿನ ಸುತ್ತ ನೀರು ಎಷ್ಟದ?"

"ಮೊನ್ನಿ ಪಾದ ಮುಳುಗತಿತ್ರಿ. ಇವತ್ತು ದಾಟಿ ಬರಬೇಕಾದ್ರ ಮೊಣಕಾಲ ತನಕ ಬಂತು. ಫಿಕರ್ ಮಾಡಬ್ಯಾಡ್ರಿ, ಹ್ವಾದ ವರ್ಷನೂ ನೋಡೀವಿ, ಹೊಳಿ ನಮಗ ಹೊಸದಲ್ಲ."

"ಯವ್ವಾ, ಮೊದಲ ಮನಿಗೆ ನಡಿ. ಸಂಜಿಗೆ ಬರಬ್ಯಾಡ. ಇನ್ನ ಮ್ಯಾಲ ಬರಲೇಬ್ಯಾಡ."

"ಹಂಗಂದ್ರ ಹೆಂಗ್ರಿ? ಹಿಂದೊಮ್ಮಿ ಹೊಳಿ ಬಂದಾಗ ನಮ್ಮೂರಿಂದ ಯಾರೂ ಮಾತಾಡಲಿಲ್ಲಂತ, ಇವರು ಆರಾಮ ಅದಾರ ಅಂತ ತಿಳಕೊಂಡ್ರು. ಎಲ್ಲಾ ಊರಿಗೂ ಬಂದಮ್ಯಾಲ ಕಡೀಕ ನಮ್ಮೂರಿಗೆ ಬಂದ್ರು. ಈ ಸಲ ಹಂಗ ಆಗಗೊಡಂಗಿಲ್ಲ. ಸಂಜಿಗೆ ನಾನು..."

ಅಷ್ಟಕ್ಕೇ ಕಟ್ಟಾಯಿತು. ಮತ್ತೆ ಹಚ್ಚಿದೆ. ಫೋನು ಬಂದ್ ಮಾಡಿಕೊಂಡು ಹೋಗಿದ್ದಳು.

ನಾನಿನ್ನೂ ಫೋನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ನೀರಿನ ಮಟ್ಟ ನೋಡಿಕೊಳ್ಳುವವರು ಎದ್ದು ನಿಂತು ಓದಿದರು: ಮೇಲಿನ ಅಣೆಕಟ್ಟಿನಿಂದ ನೀರು ಮತ್ತೂ ಹೆಚ್ಚಾಗಿ ಬರುತ್ತಿದೆ, ಮುಂಜಾನೆಯೇ ಹೊರಟಿದೆ, ಸಂಜೆಯ ಹೊತ್ತಿಗೆ ದೇವದುರ್ಗದ ದಂಡೆ ಮುಟ್ಟುತ್ತದೆ. ಸಂಜೆಯ ಹೊತ್ತು ಎಂದರೆ ನನ್ನ ವರದಿಯ ಹೊತ್ತು. ಹುಲಿಗೆಮ್ಮ ಕಲ್ಲಿನ ಮೇಲೆ ಬಂದು ನಿಲ್ಲುವ ಹೊತ್ತು.

ಬರಬೇಡ ಎಂದು ಹೇಳಬೇಕು. ಹೇಳಬೇಕೆಂದರೆ ಅವಳ ಫೋನು ಸಿಗಬೇಕು. ಫೋನು ಸಿಗುವುದು ಅವಳು ಕಲ್ಲಿನ ಮೇಲೆ ಬಂದು ನಿಂತಾಗ ಮಾತ್ರ. ಹೋಗಲಿ, ನಾನು ಫೋನೇ ಹಚ್ಚದೆ ಸುಮ್ಮನಿದ್ದುಬಿಡೋಣವೆಂದರೆ, ನೀವು ಹಚ್ಚೋ ತನಕ ಕಾಯ್ತೀನಿ ಎಂದು ಹೇಳಿದವಳು ಅವಳು, ನಿಂತೇ ಇರುತ್ತಾಳೆ. ಅತ್ತ ದರಿ ಇತ್ತ ಪುಲಿ ಎಂದು ಓದಿದ್ದೆ, ಅವತ್ತು ನೋಡಿದೆ. ಮೆಸೇಜ್ ಕಳಿಸಿದೆ, ಅದು ಹೋಗದೆ ನನ್ನ ಫೋನಿನಲ್ಲೇ ಕೂತಿತು. ಆ ಊರಿನ ನಂಬರ್ ಎಂದು ನಮ್ಮಲ್ಲಿ ಇದ್ದವನ್ನೆಲ್ಲ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗೆ, ವ್ಯಾಪ್ತಿ ಪ್ರದೇಶದ ಹೊರಗೆ. ಆ ದನಿಯ ಹೆಂಗಸಿಗೆ ಹೆದರಿಕೆ ಎನ್ನುವುದೇ ಇಲ್ಲ, ನೂರು ಸಲ ಕೇಳಿದರೂ ಅದೇ ಮೆತ್ತನೆ ಮಾತು.

ಎದ್ದು ಹೋಗಿ ಖಾದರ್ ಸಾಹೇಬರಿಗೆ ಹೇಳಿದೆ. ಅವರು ಅವತ್ತು ಛೇಡಿಸಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಪೊಲೀಸ್ ವೈರ್‌ಲೆಸ್ ಇದ್ದ ಕೋಣೆಗೆ ಓಡಿದರು. ಹಿಂದೆಯೇ ನಾನು. ದೇವದುರ್ಗದಿಂದ ಉತ್ತರ ಬಂತು: ಜೀಪು ಕಳಿಸುತ್ತೇವೆ, ಆದರೆ ಗೂಗಲ್ ದಾರಿಯ ಹಳ್ಳಕ್ಕೆ ಹೊಳೆಯ ನೀರು ತಿರುಗಿ ನುಗ್ಗಿದೆ, ಸುತ್ತುಹಾಕಿ ಹೋಗಬೇಕು, ಯಾವಾಗ ಮುಟ್ಟುತ್ತದೋ ಹೇಳಲಾಗದು.

"ಫಿಕರ್ ಮಾಡಬ್ಯಾಡ ಬೇಟಿ" ಎಂದರು ಖಾದರ್ ಸಾಹೇಬರು.

"ಸಾಹೇಬ್ರ, ನಾನು ಕೇಳತೀನಂತ ಆಕಿ ಬರ್ತಾಳ್ರಿ."

"ನೀ ಕೇಳೋದು ಊರಿನ ಸಲುವಾಗಿ. ಆಕಿ ಬರೋದೂ ಊರಿನ ಸಲುವಾಗಿ. ಈಗ ಅಳಬ್ಯಾಡ, ಫೋನ್ ಹತ್ರ ಕುಂದ್ರು. ಆಕಿ ಬಂದ ಕೂಡ್ಲೇ ಹಿಡಿ."

ಹೋಗಿ ಕೂತೆ. ಕಿಟಕಿಯಾಚೆ ಬಿಸಿಲು ಇಳಿಯತೊಡಗಿತು. ರಾಯಚೂರಿನ ಕೋಟೆಯ ಮೇಲೆ ಆಕಾಶ ಅಷ್ಟು ಸ್ವಚ್ಛವಾಗಿತ್ತು, ಒಂದು ಮೋಡದ ತುಣುಕೂ ಇರಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾರೋ ಬಾಳೆಹಣ್ಣಿನ ಚೌಕಾಶಿ ಮಾಡುತ್ತಿದ್ದರು. ಲೋಕವೆಲ್ಲ ಆರಾಮವಾಗಿದೆ, ನನಗೊಬ್ಬಳಿಗೇ ಹುಚ್ಚು ಹಿಡಿದಿದೆ ಎಂದು ಅನ್ನಿಸಿತು. ಮಿಸ್ ಕಾಲ್ ಬರದಿರಲಿ, ಅವಳು ಮನೆಯಲ್ಲೇ ಕೂತಿರಲಿ, ಯಾವುದಾದರೂ ಬಾಣಂತಿಯ ಕೂಸು ಅತ್ತು ಅವಳನ್ನು ಹಿಡಿದು ನಿಲ್ಲಿಸಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಜೊತೆಗೇ ಇನ್ನೊಂದು ಯೋಚನೆ ಒಳಗೆ ನುಗ್ಗಿ ಜೀವ ಹಿಂಡುತ್ತಿತ್ತು. ಮಿಸ್ ಕಾಲ್ ಬರದಿದ್ದರೆ ಅವಳು ಮನೆಯಲ್ಲಿದ್ದಾಳೋ, ಕಲ್ಲಿಗೆ ಬರುವ ದಾರಿಯಲ್ಲೇ ನೀರು ಸೆಳೆದುಕೊಂಡಿತೋ, ನನಗೆ ಹೇಗೆ ತಿಳಿಯಬೇಕು?

ಫೋನು ಒಂದು ಸಲ ಮಿಣುಕಿ ನಿಂತಿತು. ಹುಲಿಗೆಮ್ಮ.

ಕೂಡಲೇ ಹಚ್ಚಿದೆ. ಎತ್ತಿದಳು. ಅವಳ ದನಿಗಿಂತ ಮೊದಲು ಹೊಳೆಯೇ ಕಿವಿಗೆ ನುಗ್ಗಿತು.

"ಹುಲಿಗೆಮ್ಮಾ, ಹಿಂದಕ್ಕ ಓಡು! ನೀರು ಬರಾಕತ್ತದ!"

"ಏನ್ರಿ? ಅದರೀ, ಅದ!"

"ನೆಟ್ ಅಲ್ಲವ್ವಾ! ನೀರು, ನೀರು! ಕಲ್ಲು ಬಿಟ್ಟು ಓಡು!"

"ಅದ ಅಕ್ಕಾರ, ನೆಟ್ ಅದ! ಕೇಳಸವಲ್ದು ಏನ್ರಿ? ಎರಡು ಕಡ್ಡಿ ಅದ!"

ನಾನು ಏನೇನು ಒದರಿದೆನೋ ನೆನಪಿಲ್ಲ. ಮೇಜಿನ ಸುತ್ತಲಿದ್ದವರೆಲ್ಲ ತಮ್ಮ ಫೋನುಗಳನ್ನು ಇಟ್ಟು ನನ್ನ ಕಡೆ ನೋಡುತ್ತಿದ್ದರು. ಮಾತು ನಿಂತು ನನ್ನ ಗಂಟಲಿನಿಂದ ಬರೀ ಅಳು ಬಂತು, ಚಿಕ್ಕ ಮಕ್ಕಳು ಅಳುವ ಹಾಗೆ, ಸಿಂಬಳ ಕಣ್ಣೀರು ಒಂದಾಗಿ. ಅತ್ತ ಕಡೆ ಅವಳು "ಅಕ್ಕಾರ? ಅಕ್ಕಾರ?" ಎಂದಳು. ಆಮೇಲೆ ನೀರಿನ ಸಪ್ಪಳ ಮಾತ್ರ ಇತ್ತು. ಆಮೇಲೆ ಅದೂ ಇರಲಿಲ್ಲ.

ಸಂಜೆಯ ವರದಿ ಹೋಗಬೇಕಿತ್ತು. ಗೂಗಲ್ ಎಂಬ ಹೆಸರಿನ ಮುಂದೆ ಏನು ಬರೆಯುವುದಕ್ಕೂ ನನ್ನ ಕೈ ಏಳಲಿಲ್ಲ. ಖಾದರ್ ಸಾಹೇಬರೇ ಬಂದು ಬಂದ್ ಎಂದು ಹಾಕಿ ಕಳಿಸಿದರು. ಆ ರಾತ್ರಿಯ ಬಗ್ಗೆ ನಾನು ಬರೆಯಲಾರೆ. ಅವಳ ನಂಬರ್ ಹಚ್ಚುವುದು, ಆ ಮೆತ್ತನೆ ದನಿಯನ್ನು ಕೇಳುವುದು, ಇಡುವುದು, ಮತ್ತೆ ಹಚ್ಚುವುದು. ಅವ್ವ ಫೋನು ಮಾಡಿದರೆ ಎತ್ತಲಿಲ್ಲ. ಲೈನು ಖಾಲಿ ಇರಬೇಕಿತ್ತು.

ಬೆಳಗ್ಗೆ ವೈರ್‌ಲೆಸ್ ಕೋಣೆಯ ಕಡೆಯಿಂದ ಖಾದರ್ ಸಾಹೇಬರು ಬರುವುದು ಕಂಡಿತು. ಅವರ ಮುಖ ನೋಡಲು ಧೈರ್ಯವಾಗದೆ ನಾನು ಅವರ ಬರಿಗಾಲನ್ನೇ ನೋಡುತ್ತ ಕೂತೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಬೇಟಿ, ಅದಾಳ."

ಅದಾಳ. ನಾನು ಅವರ ಕೈ ಹಿಡಿದುಕೊಂಡು ಮತ್ತೊಮ್ಮೆ ಹೇಳಿಸಿದೆ. ಜೀಪು ಸುತ್ತಿ ಬಳಸಿ ಹೋಗಿ ಮುಟ್ಟಿತ್ತಂತೆ. ಅಷ್ಟರಲ್ಲಿ ಊರವರು ತಾವೇ ದಿಬ್ಬದ ಮೇಲಿನ ಶಾಲೆಗೆ ಏರಿದ್ದರಂತೆ. ಬಾಣಂತಿಯರನ್ನೂ ಮುದುಕರನ್ನೂ ಎಬ್ಬಿಸಿ ಕರೆದುಕೊಂಡು ಹೋದವಳು ಆಶಾ ಕಾರ್ಯಕರ್ತೆಯಂತೆ. ಫೋನು ಹೊಳೆಗೆ ಹೋಗಿದೆಯಂತೆ, ಹೆಂಗಸು ಉಳಿದಿದ್ದಾಳಂತೆ.

ನೀರು ಇಳಿದ ಮೇಲೆ ರಜೆ ಹಾಕಿ ಗೂಗಲ್‌ಗೆ ಹೋದೆ. ದೇವದುರ್ಗ ದಾಟಿದಾಗಿನಿಂದಲೇ ಕೊಳೆತ ಹತ್ತಿ ಗಿಡದ ವಾಸನೆ. ಊರ ಗೋಡೆಗಳ ಮೇಲೆ ನೀರು ನಿಂತ ಗೆರೆ, ಅಂಗಳದಲ್ಲೆಲ್ಲ ಕೆಸರು, ಕೆಸರಿನಲ್ಲಿ ಹಾಸಿಗೆ ಒಣಹಾಕಿ ಕೂತ ಜನ. ಹುಲಿಗೆಮ್ಮ ನಾನು ಅಂದುಕೊಂಡಂತೆ ಇರಲಿಲ್ಲ. ದನಿ ದೊಡ್ಡದು, ಆಳು ಸಣ್ಣವಳು, ನನ್ನ ಭುಜಕ್ಕೆ ಬರುವಷ್ಟೇ ಎತ್ತರ. ನನ್ನನ್ನು ನೋಡಿ ನಾಚಿಕೊಂಡಳು. ಆಮೇಲೆ ಅವಳೇ "ಊಟ ಆತೇನ್ರಿ?" ಎಂದಳು.

ಗುಡಿಯ ಹಿಂದೆ ಕರೆದೊಯ್ದಳು. ಹೊಳೆ ಇಳಿದು, ಏನೂ ಅರಿಯದಂತೆ ಹರಿಯುತ್ತಿತ್ತು. ಅರಿವೆ ಒಗೆಯುವ ಕಲ್ಲಿನ ಮೇಲೆ ಎಲ್ಲಿಂದಲೋ ಬಂದ ಒಂದು ದೊಡ್ಡ ಜಾಲಿಮರ ಬೇರು ಸಮೇತ ಅಡ್ಡಬಿದ್ದಿತ್ತು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಅದರ ಕೊಂಬೆಗಳು ಹರಡಿಕೊಂಡಿದ್ದವು. ನಾನು ಅಲ್ಲೇ ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಅವತ್ತು ನಾ ಹೇಳಿದ್ದರಾಗ ನಿನಗ ಏನು ಕೇಳಸ್ತು?" ಎಂದು ಕೇಳಿದೆ.

"ಏನೂ ಕೇಳಸಲಿಲ್ರಿ. ಹೊಳಿ ಸಪ್ಪಳದಾಗ ಒಂದು ಮಾತೂ ತಿಳೀಲಿಲ್ಲ. ಎಂದಿನಂಗ ನೆಟ್ ಅದ ಏನು ಅಂತ ಕೇಳಾಕತ್ತೀರಿ ಅಂತ ತಿಳಕೊಂಡು ಅದ ಅದ ಅಂದೆ. ಆಮ್ಯಾಲ ನೀವು ಅಳೋದು ಕೇಳಸ್ತು." ಅವಳು ಸೆರಗು ತಿರುವುತ್ತ ನಿಂತಳು. "ಆಫೀಸಿನ ಮಂದಿ ಫೋನಿನಾಗ ಗದರಸ್ತಾರ, ಬೈತಾರ. ಅಳೋದು ಒಮ್ಮಿನೂ ಕೇಳಿದ್ದಿಲ್ರಿ. ಅಷ್ಟು ದೂರ ರಾಯಚೂರಾಗ ಕುಂತವರು ಇಷ್ಟು ಅಂಜ್ಯಾರಂದ್ರ, ಇಲ್ಲಿ ನಿಂತಾಕಿ ನಾ ಯಾಕ ಅಂಜವಲ್ಲೆ ಅನ್ನಿಸ್ತು. ಓಡಿದೆ. ತಿರುಗಿ ನೋಡೂದ್ರಾಗ ಕಲ್ಲು ಇರಲಿಲ್ರಿ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

"ಹುಲಿಗೆಮ್ಮಾ, ಇನ್ನ ಮ್ಯಾಲ ನಾ ಕೇಳಿದ್ರೂ ಬರಬ್ಯಾಡ. ಯಾರು ಕೇಳಿದ್ರೂ ಬರಬ್ಯಾಡ."

"ಮತ್ತ ಹೊಳಿ ಬಂದು, ಮತ್ತ ಟವರ್ ಹೋದ್ರ?"

"ಆದ್ರೂ ಬರಬ್ಯಾಡ."

ಅವಳು ನನ್ನನ್ನು ನೋಡಿದಳು, ತಿಳಿಯದ ಮಗುವನ್ನು ನೋಡಿದ ಹಾಗೆ.

"ಬರಲಿಲ್ಲಂದ್ರ, ಊರು ಅದ ಅಂತ ನಿಮಗ ಹೆಂಗ ತಿಳೀಬೇಕ್ರಿ ಅಕ್ಕಾರ?"